ಮೊರೀಯದಲ್ಲಿ ಕಳೆದುಹೋದ ಪುಸ್ತಕ

2 ನವೆಂಬರ್ 2025, ಭಾನುವಾರ ರಾತ್ರಿ, ಸ್ವಾನ್ಸಿ

ಇವತ್ತು ನಾಳೆ ಎರಡು ದಿನ ಡ್ಯೂಟಿ ಇಲ್ಲ, ಹಾಗಾಗಿ ಬೆಳಿಗ್ಗೆ ಆರಾಧನೆ ಮುಗಿಸ್ಕೊಂಡು ಅಲ್ಲಿಂದಲೇ ಲಖರ್‌ಗೆ, 1904ರಲ್ಲಿ ವೇಲ್ಸ್‌ನ ದೊಡ್ಡ ಉಜ್ಜೀವನ (ಜನ ಗುಂಪುಗುಂಪಾಗಿ ದೇವರ ಕಡೆ ತಿರುಗಿದ್ದು) ಹೊತ್ತಿಕೊಂಡ ಊರಿಗೆ, ಹೋಗಿಬಂದ್ವಿ. ಇಲ್ಲಿಗೆ ನರ್ಸ್ ಆಗಿ ಬಂದು ಆರು ವರ್ಷ ಆಯ್ತು, ಮನೆಯಿಂದ ಕಾರಲ್ಲಿ ಇಪ್ಪತ್ತು ನಿಮಿಷದ ದಾರಿ ಅಷ್ಟೇ, ಆದ್ರೂ ಇಷ್ಟು ದಿನ ಹೋಗಿರ್ಲಿಲ್ಲ. ಹುಬ್ಬಳ್ಳಿಯಲ್ಲಿ ಚಿಕ್ಕೋಳಿದ್ದಾಗ ಉಜ್ಜೀವನ ಕೂಟಗಳಲ್ಲಿ ಅಯ್ಯನವರು ವೇಲ್ಸ್ ವೇಲ್ಸ್ ಅಂತ ಹೇಳ್ತಿದ್ರೆ ನನಗೆ ಅದೂ ಸತ್ಯವೇದದೊಳಗಿನ, ಅಂದ್ರೆ ಬೈಬಲಿನ, ಒಂದು ಊರೇ ಅನ್ನಿಸ್ತಿತ್ತು, ಬೆಥ್ಲೆಹೇಮ್, ಅಂತಿಯೋಕ್ಯ, ವೇಲ್ಸ್. ಅದೇ ವೇಲ್ಸ್‌ನಲ್ಲಿ ಮನೆ ಮಾಡ್ತೀನಿ, ಇಲ್ಲಿನವರ ಬಿಪಿ ನೋಡ್ತೀನಿ, ಇಲ್ಲಿನವರಿಗೋಸ್ಕರ ಮೊಣಕಾಲೂರಿ ಅಳ್ತೀನಿ ಅಂತ ಆಗ ಯಾರಿಗೆ ಗೊತ್ತಿತ್ತು.

ಲಖರ್ ಚಿಕ್ಕ ಊರು. ಹೊಳೆ ಸಮುದ್ರ ಸೇರೋ ಜಾಗ, ನಾವು ಹೋದಾಗ ನೀರು ಇಳಿದಿತ್ತು, ಕಣ್ಣಿಗೆ ಕಾಣೋಷ್ಟು ದೂರ ಕೆಸರು, ಪಕ್ಕದಲ್ಲಿ ಮುರಿದ ಕೋಟೆ. ಮೊರೀಯ ಚಾಪೆಲ್ (ಆರಾಧನಾ ಮಂದಿರ) ಎದುರಿಗೆ ಆ ಉಜ್ಜೀವನದ ಮುಂದಾಳು ಇವಾನ್ ರಾಬರ್ಟ್ಸ್ ಪ್ರತಿಮೆ ಇದೆ. ಮಳೆ ಜಿನುಗ್ತಾ ಇತ್ತು, ಒಬ್ಬರೂ ಇರ್ಲಿಲ್ಲ. ಒಂಬತ್ತು ವರ್ಷದ ನನ್ನ ಮಗ ಪ್ರತಿಮೆ ನೋಡಿ "ಇವ್ರು ಯಾರಮ್ಮ, ರಗ್ಬಿ ಪ್ಲೇಯರಾ" ಅಂದ. ಅವನ ತಪ್ಪಿಲ್ಲ, ಶಾಲೆಯಲ್ಲಿ ಅವನಿಗೆ ಯಾರೂ ಹೇಳಿಲ್ಲ, ಹೇಳಬೇಕಾಗಿದ್ದ ನಾನೂ ಹೇಳಿರ್ಲಿಲ್ಲ.

ಅಲ್ಲೇ ಕೊಡೆ ಹಿಡ್ಕೊಂಡು ನಿಂತು ಹೇಳಿದೆ. ನಿನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡೋನಿದ್ದಾಗ್ಲೇ ಕಲ್ಲಿದ್ದಲು ಗಣಿಗೆ ಕೆಲಸಕ್ಕೆ ಇಳಿದ ಹುಡುಗ ಇವನು, ಗಣಿಯೊಳಗೂ ಸತ್ಯವೇದ ಇಟ್ಕೊಂಡಿರ್ತಿದ್ದ, ಒಂದ್ಸಲ ಸ್ಫೋಟ ಆದಾಗ ಆ ಪುಸ್ತಕದ ಹಾಳೆಗಳೇ ಬೆಂಕಿಗೆ ಕಂದಿ ಹೋದ್ವಂತೆ. 26ನೇ ವಯಸ್ಸಿಗೆ ಸಭಾಸೇವೆಗೆ ಓದೋಕೆ ಅಂತ ಹೋದವನು ಓದು ಬಿಟ್ಟು ಊರಿಗೆ ವಾಪಸ್ ಬಂದ. 1904ರ ಅಕ್ಟೋಬರ್ 31, ಸೋಮವಾರ, ಪ್ರಾರ್ಥನಾ ಕೂಟ ಮುಗಿದ ಮೇಲೆ ಯುವಕರು ಸ್ವಲ್ಪ ಉಳೀರಿ ಅಂದ. ಉಳಿದವರು ಹದಿನೇಳೇ ಜನ. ಗೊತ್ತಿರೋ ಪಾಪ ಒಪ್ಕೊಳ್ಳಿ, ಅನುಮಾನ ಇರೋ ಅಭ್ಯಾಸ ಬಿಡಿ, ಪವಿತ್ರಾತ್ಮ ಹೇಳಿದ್ದನ್ನ ತಕ್ಷಣ ಮಾಡಿ, ಕ್ರಿಸ್ತನನ್ನ ಎಲ್ಲರೆದುರು ಒಪ್ಕೊಳ್ಳಿ, ಇಷ್ಟೇ ಅವನು ಹೇಳ್ತಿದ್ದಿದ್ದು. ಮುಂದಿನ ವರ್ಷದ ಹೊತ್ತಿಗೆ ಈ ಚಿಕ್ಕ ದೇಶದಲ್ಲಿ ಸುಮಾರು ಒಂದು ಲಕ್ಷ ಜನ ದೇವರ ಕಡೆ ತಿರುಗಿಕೊಂಡ್ರು ಅಂತ ಅಂದಾಜು. ಪಬ್‌ಗಳು ಖಾಲಿ, ಹಳೇ ಸಾಲ ತೀರಿಸೋಕೆ ಜನ ಅಂಗಡಿ ಹುಡುಕ್ಕೊಂಡು ಬರ್ತಿದ್ರು, ಗಣಿಯಲ್ಲಿ ಬಂಡಿ ಎಳೆಯೋ ಕುದುರೆಗಳಿಗೆ ಬೈಗುಳ ಕೇಳಿ ಕೇಳಿ ಅಭ್ಯಾಸ ಆಗಿತ್ತಲ್ಲ, ಕೆಲಸದವರು ಬೈಯೋದು ಬಿಟ್ಟ ಮೇಲೆ ಅವಕ್ಕೆ ಹುಕುಮೇ ತಿಳೀದೆ ಸುಮ್ನೆ ನಿಂತುಬಿಡ್ತಿದ್ವು ಅಂತ ಹೇಳ್ತಾರೆ. ಕುದುರೆ ಕಥೆ ಮಗನಿಗೆ ಬಹಳ ಹಿಡಿಸ್ತು, ದಾರಿಯುದ್ದ ಅದೇ ಕೇಳ್ದ.

ಇವಾನ್ ರಾಬರ್ಟ್ಸ್ 1951ರಲ್ಲಿ ತೀರಿಕೊಂಡ್ರು, ಅದೇ ಚಾಪೆಲ್ ಹಿಂದೆ ಮನೆಯವರ ಸಮಾಧಿಯಲ್ಲೇ ಮಣ್ಣು ಮಾಡಿದ್ದಾರೆ. ಅಲ್ಲಿ ನಿಂತಾಗ ನನಗೆ ಖುಷಿ ಆಗಲಿಲ್ಲ. ಎದೆ ಭಾರ ಆಯ್ತು. 2021ರ ಜನಗಣತಿಯಲ್ಲಿ ವೇಲ್ಸ್‌ನ ನೂರಕ್ಕೆ 46.5 ಜನ ಯಾವ ಧರ್ಮವೂ ಇಲ್ಲ ಅಂತ ಬರೆಸಿದ್ದಾರೆ, ಕ್ರೈಸ್ತರು ಅಂದವರು 43.6, ಹತ್ತು ವರ್ಷದ ಹಿಂದೆ ಅದೇ 57.6 ಇತ್ತು. ಅಂಕಿ ಬಿಡಿ, ಯಾವ ಬೀದಿಗೆ ಹೋದ್ರೂ ಚಾಪೆಲ್ ಇದೆ, ಕೆಲವು ಫ್ಲ್ಯಾಟ್ ಆಗಿವೆ, ಕೆಲವು ಗೋಡೌನ್, ಕೆಲವಕ್ಕೆ ಕಿಟಕಿಗೆ ಹಲಗೆ ಹೊಡೆದು ಮಾರಾಟಕ್ಕಿದೆ ಅಂತ ಬೋರ್ಡ್. ಬಾಗಿಲ ಮೇಲೆ ಮಾತ್ರ ಕಲ್ಲಲ್ಲಿ ಕೆತ್ತಿದ ಹೆಸರು ಹಾಗೇ ಇವೆ, ಬೇತೇಲ್, ಎಬೆನೆಜೆರ್, ಸಿಲೋವಾಮ್, ಹೋರೇಬ್. ರಾತ್ರಿ ಪಾಳಿ ಮುಗಿಸಿ ಬಸ್ಸಲ್ಲಿ ಬರುವಾಗ ಆ ಹೆಸರುಗಳನ್ನ ಓದ್ತಾ ಓದ್ತಾ ನಾನು ಎಷ್ಟೋ ಸಲ ಕಣ್ಣೊರೆಸ್ಕೊಂಡಿದ್ದೀನಿ.

ವಾಪಸ್ ಬರ್ತಾ ನಮ್ಮನೆಯವರು, ಇನ್ನೊಂದು ಸಲ ಅಂಥ ಬೆಂಕಿ ಬೀಳಬೇಕು ಕಣೆ ಅಂದ್ರು. ಆಮೆನ್ ಅಂದೆ. ಆದ್ರೆ ಮನಸ್ಸಲ್ಲಿ ಒಂದು ಮಾತು ಕೊರೀತಾನೇ ಇತ್ತು, ಅದನ್ನೇ ಇಲ್ಲಿ ಬರೀಬೇಕು ಅಂತ ಕೂತಿದ್ದು. ನಾವೆಲ್ಲ ಬೆಂಕಿಯನ್ನ ನೆನೆಸ್ಕೊಳ್ತೀವಿ, ಕಟ್ಟಿಗೆ ಯಾರು ಒಟ್ಟಿದ್ರು ಅಂತ ಕೇಳಲ್ಲ. 1904 ಬರೋಕೆ ಮುಂಚೆ ಮುನ್ನೂರು ವರ್ಷ ಈ ಜನ ದೇವರ ವಾಕ್ಯವನ್ನ ಮನೆ ಮನೆಗೆ ಹೊತ್ತು ತಂದಿದ್ರು. ವಿಲಿಯಂ ಮಾರ್ಗನ್ ಅಂತ ಒಬ್ಬ ಹಳ್ಳಿ ಪಾದ್ರಿ ಇಡೀ ಸತ್ಯವೇದವನ್ನ ವೆಲ್ಷ್‌ಗೆ ತರ್ಜುಮೆ ಮಾಡಿ 1588ರಲ್ಲಿ ಅಚ್ಚು ಹಾಕಿಸಿದ್ರು, ಲಂಡನ್ನಿನ ಅಚ್ಚುಕೂಟದವರಿಗೆ ವೆಲ್ಷ್ ಒಂದಕ್ಷರ ಬರ್ತಿರ್ಲಿಲ್ಲ, ಅದಕ್ಕೆ ಊರು ಬಿಟ್ಟು ಅಲ್ಲೇ ಹೋಗಿ ಕೂತು ಪ್ರೂಫ್ ನೋಡಿದ್ರಂತೆ. ಆಮೇಲೆ 1730ರ ದಶಕದಲ್ಲಿ ಗ್ರಿಫಿತ್ ಜೋನ್ಸ್ ಅನ್ನೋರು ಸಂಚಾರಿ ಶಾಲೆ ಶುರು ಮಾಡಿದ್ರು, ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ಒಂದೂರಲ್ಲಿ ಮೂರು ತಿಂಗಳು, ಚರ್ಚಲ್ಲೋ ಕೊಟ್ಟಿಗೆಯಲ್ಲೋ ಜನರನ್ನ ಕೂರಿಸಿ ಸತ್ಯವೇದ ಓದೋದಷ್ಟನ್ನ ಕಲಿಸಿ ಮುಂದಿನ ಊರಿಗೆ. 1761ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಎರಡು ಲಕ್ಷದ ಹತ್ತಿರ ಜನ ಓದು ಕಲಿತಿದ್ರು ಅಂತಾರೆ, ಮುದುಕರು, ಕೂಲಿಯವರು, ಆಳುಗಳು.

ಮೇರಿ ಜೋನ್ಸ್ ಕಥೆ ನಮ್ಮಲ್ಲೂ ಸಂಡೇ ಸ್ಕೂಲ್ ಮಕ್ಕಳಿಗೆ ಗೊತ್ತು. ನೇಕಾರರ ಮನೆ ಹುಡುಗಿ, ಆರು ವರ್ಷ ಕಾಸಿಗೆ ಕಾಸು ಕೂಡಿಸಿ 1800ರಲ್ಲಿ, ಹದಿನೈದನೇ ವಯಸ್ಸಲ್ಲಿ, ಬಾಲಾ ಅನ್ನೋ ಊರಿಗೆ ಬರಿಗಾಲಲ್ಲಿ ನಲವತ್ತು ಕಿಲೋಮೀಟರ್ ನಡೆದು ಹೋದ್ಲು, ಪಾದ್ರಿ ಥಾಮಸ್ ಚಾರ್ಲ್ಸ್ ಅವರ ಹತ್ತಿರ ಒಂದು ಸತ್ಯವೇದ ಕೊಳ್ಳೋಕೆ. ಅಂಥವರ ಹಸಿವೇ ಮುಂದೆ 1804ರಲ್ಲಿ ಬೈಬಲ್ ಸೊಸೈಟಿ ಹುಟ್ಟೋಕೆ ದಾರಿ ಆಯ್ತು. ಕನ್ನಡ ಸತ್ಯವೇದದ ಕಥೆಯೂ ಅದೇ ಕಾಲದ್ದು, ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ತರ್ಜುಮೆಗೆ ಕೂತಿದ್ದು. ಗದಗ ಬೆಟಗೇರಿಯ ನಮ್ಮಜ್ಜಿ ದೀಪದ ಬುಡದಲ್ಲಿ ಬೆರಳಿಟ್ಟು ಓದ್ತಿದ್ದ ಪುಸ್ತಕಕ್ಕೂ ಈ ಹುಡುಗಿಯ ನಡಿಗೆಗೂ ಒಂದೇ ಹಸಿವು ಅಂತ ನಾನು ನಂಬ್ತೀನಿ.

1904ರ ಕೂಟಗಳ ಬಗ್ಗೆ ಓದಿದಾಗ ಒಂದು ವಿಷಯ ನನಗೆ ಯಾವಾಗಲೂ ಚುಚ್ಚುತ್ತೆ, ಹೇಳೋಕೆ ಭಯಾನೇ ಆಗುತ್ತೆ, ಯಾಕಂದ್ರೆ ದೇವರು ಮಾಡಿದ ಕೆಲಸವನ್ನ ಕಡೆಗಣಿಸೋಳು ನಾನಲ್ಲ. ಎಷ್ಟೋ ಕೂಟಗಳಲ್ಲಿ ಪ್ರಸಂಗವೇ (ವಾಕ್ಯದ ಬೋಧನೆ) ಇರ್ತಿರ್ಲಿಲ್ಲ. ಹಾಡು, ಪ್ರಾರ್ಥನೆ, ಸಾಕ್ಷಿ, ಕಣ್ಣೀರು, ರಾತ್ರಿ ಎರಡು ಮೂರು ಗಂಟೆವರೆಗೆ. ಅಜ್ಜ ಮುತ್ತಜ್ಜರ ಕಾಲದಿಂದ ವಾಕ್ಯ ಅವರ ರಕ್ತದಲ್ಲಿತ್ತು, ಅದಕ್ಕೆ ಆ ಕಿಡಿ ಹಿಡೀತು. ಆದ್ರೆ ಹೊಸದಾಗಿ ಬಂದ ಸಾವಿರಾರು ಜನರನ್ನ ಕೂರಿಸಿ ಕಲಿಸೋ ಕೆಲಸ ಬೇಕಾದಷ್ಟು ಆಗಲಿಲ್ಲ, ಇವಾನ್ ರಾಬರ್ಟ್ಸ್ ಆರೋಗ್ಯ ಕೆಟ್ಟು 1906ರಿಂದ ಸಾರ್ವಜನಿಕ ಸೇವೆಯಿಂದ ದೂರ ಸರಿದ್ರು, ಆಮೇಲೆ ಮೊದಲ ಮಹಾಯುದ್ಧ. ಕಟ್ಟಿಗೆ ಉರಿದುಹೋಯ್ತು, ಹೊಸ ಕಟ್ಟಿಗೆ ಒಟ್ಟೋರು ಕಮ್ಮಿ ಆದ್ರು.

ಇದಕ್ಕೆ ಪಂಡಿತಾ ರಮಾಬಾಯಿ ನೆನಪಾಗ್ತಾರೆ. ನಮ್ಮ ಘಟ್ಟದ ಗಂಗಾಮೂಲದ ಕಾಡಲ್ಲಿ 1858ರಲ್ಲಿ ಹುಟ್ಟಿದವರು. ವೇಲ್ಸ್ ಸುದ್ದಿ ಕೇಳಿ ಪುಣೆ ಹತ್ತಿರದ ಕೆಡಗಾಂವ್‌ನ ತಮ್ಮ ಮುಕ್ತಿ ಆಶ್ರಮದಲ್ಲಿ ಹುಡುಗಿಯರನ್ನ ಕೂಡಿಸ್ಕೊಂಡು ಪ್ರಾರ್ಥನೆ ಶುರು ಮಾಡಿದ್ರು, 1905ರ ಜೂನ್‌ನಲ್ಲಿ ಅಲ್ಲೂ ಉಜ್ಜೀವನ ಆಯ್ತು. ಆದ್ರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಓದು ಬಾರದ ಹೆಂಗಸರಿಗೂ ತಿಳಿಯೋ ಮರಾಠಿಯಲ್ಲಿ ಸತ್ಯವೇದ ಬೇಕು ಅಂತ ಹೀಬ್ರೂ ಗ್ರೀಕ್ ಕಲಿತು ಮೂಲದಿಂದಲೇ ತರ್ಜುಮೆಗೆ ಕೂತ್ರು, ವರ್ಷಗಟ್ಟಲೆ, 1922ರಲ್ಲಿ ಕಣ್ಣು ಮುಚ್ಚೋ ಕಾಲದವರೆಗೂ ಅದೇ ಕೆಲಸ. ಒಂದು ಕೈಯಲ್ಲಿ ಬೆಂಕಿ ಒಂದು ಕೈಯಲ್ಲಿ ಕಟ್ಟಿಗೆ ಹಿಡಿದ ಹೆಂಗಸು. ವೇಲ್ಸ್‌ನ ಮಿಷನರಿಗಳು ಹೋಗಿದ್ದ ಖಾಸಿ ಬೆಟ್ಟ, ಮಿಜೋ ಬೆಟ್ಟಗಳಿಗೂ ಅದೇ ಕಾಲಕ್ಕೆ ಉಜ್ಜೀವನ ಹಬ್ಬಿತು, 2011ರ ಜನಗಣತಿಯಲ್ಲಿ ಮಿಜೋರಾಂನಲ್ಲಿ ನೂರಕ್ಕೆ 87 ಜನ ಕ್ರೈಸ್ತರು, ಈಗ ಅಲ್ಲಿನ ಸಭೆಯೇ ವೇಲ್ಸ್‌ಗೆ ಮಿಷನರಿ ಕಳಿಸಿದೆ. ಬೀಜ ಕೊಟ್ಟ ಹೊಲಕ್ಕೆ ಬೀಜ ವಾಪಸ್ ಬಂತು.

ಚಾಪೆಲ್ ಹೆಸರು ಮೊರೀಯ ಅಂತ ಆಗ್ಲೇ ಬರೆದೆ. ಮೊರೀಯ ಬೆಟ್ಟದ ಮೇಲೆಯೇ ಸೊಲೊಮೋನ ದೇವಾಲಯ ಕಟ್ಟಿಸಿದ್ದು. ಮನೆಗೆ ಬಂದು 2 ಅರಸುಗಳು 22 ತೆಗೆದು ಓದಿದೆ, ಅರಸ ಯೋಷೀಯನ ಕಾಲದಲ್ಲಿ ದೇವಾಲಯ ರಿಪೇರಿ ಮಾಡಿಸುವಾಗ ಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಪುಸ್ತಕ ಸಿಗುತ್ತೆ. ಎಷ್ಟು ಸಲ ಓದಿದ್ದೆ, ಇವತ್ತೇ ಹೊಳೆದಿದ್ದು, ಪುಸ್ತಕವನ್ನ ಶತ್ರುಗಳು ಹೊತ್ಕೊಂಡು ಹೋಗಿರ್ಲಿಲ್ಲ, ಅದು ದೇವರ ಮನೆಯೊಳಗೇ ಕಳೆದುಹೋಗಿತ್ತು. ಬಾಗಿಲು ತೆರೆದಿತ್ತು, ಯಾಜಕರು ಓಡಾಡ್ತಿದ್ರು, ರಿಪೇರಿಗೆ ಹಣವೂ ಬರ್ತಿತ್ತು, ವಾಕ್ಯ ಒಂದೇ ಇರ್ಲಿಲ್ಲ. ಅರಸ ಅದನ್ನ ಕೇಳಿ ಬಟ್ಟೆ ಹರ್ಕೊಂಡ. ಇಲ್ಲಿನ ಜನರ ಬಗ್ಗೆ ಯೋಚಿಸ್ತಾ ಕೂತವಳಿಗೆ ನಮ್ಮ ಕನ್ನಡ ಕೂಟವೇ ಕಣ್ಮುಂದೆ ಬಂತು. ತಿಂಗಳಿಗೊಂದ್ಸಲ ಸೇರ್ತೀವಿ, ಒಂದೂವರೆ ಗಂಟೆ ಹಾಡು, ಮೈಕ್, ಗಿಟಾರು, ಬಿರಿಯಾನಿ, ಮಧ್ಯದಲ್ಲಿ ವಾಕ್ಯಕ್ಕೆ ಹತ್ತು ನಿಮಿಷ, ಅದೂ ಮೊಬೈಲಲ್ಲಿ ಒಂದು ವಚನ ಹುಡುಕಿ. ನಾನು ಕೊನೇ ಸಲ ಒಂದಿಡೀ ಪುಸ್ತಕ ಕೂತು ಓದಿದ್ದು ಯಾವಾಗ ಅಂತ ನೆನಪಿಸ್ಕೊಂಡೆ. ಹೋದ ಲೆಂಟ್‌ನಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮಾರ್ಕನ ಸುವಾರ್ತೆ. ಅಷ್ಟೇ. ಕರ್ತನೇ ಕ್ಷಮಿಸು ಅಂತ ಅಡುಗೆಮನೆಯಲ್ಲೇ ನಿಂತು ಪ್ರಾರ್ಥನೆ ಮಾಡಿದೆ.

ಸಂಜೆ ಆಗಿದ್ದನ್ನೂ ಬರೀತೀನಿ. ಹೋದ ತಿಂಗಳು ಒಂದು ಚಾರಿಟಿ ಅಂಗಡಿಯಲ್ಲಿ ವೆಲ್ಷ್ ಸತ್ಯವೇದ ಸಿಕ್ಕಿತ್ತು, ಇಟ್ಟಿಗೆಯಷ್ಟು ದಪ್ಪ, ಹಿತ್ತಾಳೆ ಕೊಂಡಿ, ಮೂರು ಪೌಂಡ್. ಯಾರೋ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿದವರು ಕೊಟ್ಟಿದ್ದಂತೆ. ಒಳಗೆ ಒಂದು ಹಾಳೆಯಲ್ಲಿ ಆ ಮನೆಯವರ ಹುಟ್ಟು, ಮದುವೆ, ಸಾವು, ಎಲ್ಲ ಮಸಿಯಲ್ಲಿ ಬರೆದಿದ್ದಾರೆ, ಬರಹ ತಲೆಮಾರಿಗೊಂದು ಥರ ಬದಲಾಗ್ತಾ ಬಂದು 1961ಕ್ಕೆ ನಿಂತುಬಿಟ್ಟಿದೆ, ಕೆಳಗೆ ಗೆರೆ ಎಳೆದ ಖಾಲಿ ಜಾಗ ಇನ್ನೂ ಇದೆ. ನನಗೆ ವೆಲ್ಷ್ ಬರಲ್ಲ. ಮಗ ಓದೋದು ವೆಲ್ಷ್ ಮೀಡಿಯಂ ಶಾಲೆ, ಅವನು ಸರಾಗ ಓದ್ತಾನೆ. ಪಕ್ಕದ ಮನೆ ಅಜ್ಜಿಗೆ ಎಂಬತ್ತೊಂಬತ್ತು ವರ್ಷ, ಕಣ್ಣು ಮಂಜು, ಅವರ ಚಾಪೆಲ್ ಮುಚ್ಚಿ ವರ್ಷಗಳಾದ್ವು. ಲಖರ್‌ಗೆ ಹೋಗಿದ್ವಿ ಅಂತ ಹೇಳೋಣ ಅಂತ ಕೇಕ್ ತಗೊಂಡು ಹೋದಾಗ ಆ ಪುಸ್ತಕವನ್ನೂ ಮಗನ ಕೈಗೆ ಕೊಟ್ಟು ಕರ್ಕೊಂಡು ಹೋದೆ.

ಅಜ್ಜಿ ಪುಸ್ತಕದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ತಾವು ಚಿಕ್ಕೋರಿದ್ದಾಗ ಭಾನುವಾರ ಪ್ರತಿ ಮಗು ಎದ್ದು ನಿಂತು ಒಂದು ವಚನ ಬಾಯಿಪಾಠ ಹೇಳಬೇಕಿತ್ತು, ಕಲಿಯೋಕೆ ಬೇಜಾರಾದ ಮಕ್ಕಳೆಲ್ಲ "ದ್ಯೂ, ಕರ್ಯಾದ್ ಯು" ಅಂತ ಹೇಳಿ ಕೂತುಬಿಡ್ತಿದ್ವಿ ಅಂದ್ರು, ದೇವರು ಪ್ರೀತಿಸ್ವರೂಪಿ ಅಂತ ಅರ್ಥ. ನಮ್ಮ ಸಂಡೇ ಸ್ಕೂಲಲ್ಲಿ "ಯೇಸು ಕಣ್ಣೀರು ಬಿಟ್ಟನು" ಹೇಳಿ ನಾವು ಪಾರಾಗ್ತಿದ್ದಿದ್ದು ನೆನಪಾಯ್ತು, ಹೇಳಿದೆ, ಅವರ ಕಣ್ಣೂ ತುಂಬಿತು ನಂದೂ ತುಂಬಿತು.

ಏನು ಓದ್ಲಿ ಅಂತ ಮಗ ಕೇಳ್ದ. ಲೂಕ 15 ಅಂದ್ರು. ಹಳೇ ವೆಲ್ಷ್, ಶಾಲೆಯಲ್ಲಿ ಕಲಿಸೋದಕ್ಕಿಂತ ಬೇರೆ, ಮಧ್ಯೆ ಮಧ್ಯೆ ತಡವರಿಸ್ದ. ತಡವರಿಸಿದ ಕಡೆಯೆಲ್ಲ ಅಜ್ಜಿ ಕಣ್ಣು ಮುಚ್ಚಿಕೊಂಡೇ ಮುಂದಿನ ಪದ ಹೇಳ್ಕೊಡ್ತಿದ್ರು. ಪುಸ್ತಕ ಅವರೊಳಗೇ ಇತ್ತು, ಕೇಳೋರು ಇರ್ಲಿಲ್ಲ ಅಷ್ಟೇ. ಕಳೆದುಹೋದ ಕುರಿ ಮುಗೀತು, ಆಮೇಲೆ ಒಂದು ಬೆಳ್ಳಿ ನಾಣ್ಯ ಕಳ್ಕೊಂಡ ಹೆಂಗಸು ದೀಪ ಹಚ್ಚಿ ಮನೆ ಗುಡಿಸೋ ಜಾಗಕ್ಕೆ ಬಂದಾಗ ಅಜ್ಜಿಗೆ ಸುಸ್ತಾಯ್ತು, ಅಲ್ಲಿಗೆ ನಿಲ್ಸು, ಕಳೆದುಹೋದ ಮಗನ ಕಥೆ ಬುಧವಾರ ಓದುವೆಯಂತೆ ಅಂದ್ರು. ಇವನು ಗುರುತಿಗೆ ಜೇಬಲ್ಲಿದ್ದ ಬಸ್ ಟಿಕೆಟ್ ಇಟ್ಟ. ಪುಸ್ತಕ ಭಾರ ಅಲ್ವಾ, ಇಲ್ಲೇ ಇರ್ಲಿ ಅಂದ್ರು ಅಜ್ಜಿ. ಅವರ ಟೀವಿ ಪಕ್ಕದ ಮೇಜಿನ ಮೇಲೆ ಬಿಟ್ಟು ಬಂದ್ವಿ.