ಚಿಕ್ಕಪ್ಪನ ಪ-ಟ-ಕ

"ಪ-ಟ-ಕ, ಪ-ಟ-ಕ" ಅಂತ ಮೂರನೇ ಸಲ ಹೇಳಿ ಚಿಕ್ಕಪ್ಪ ಸುಮ್ಮನಾದರು. ಫೋನಿನಲ್ಲಿ ಅಪ್‌ಲೋಡ್ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಯ ಮನೆ ಅದು. ಸಿಗ್ನಲ್ ಬೇಕೆಂದರೆ ತೋಟ ದಾಟಿ ಗುಡ್ಡ ಹತ್ತಬೇಕು. ಚಿಕ್ಕಪ್ಪನಿಗೆ ಪಾರ್ಕಿನ್ಸನ್ ಬಂದು ನಾಲ್ಕು ವರ್ಷ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ದನಿ ಕುಗ್ಗುವುದು ಕಾಣುವುದಿಲ್ಲ. ತಾಳಮದ್ದಳೆಯಲ್ಲಿ ಭೀಷ್ಮನ ಅರ್ಥ ಹೇಳುತ್ತಿದ್ದವರು ಏರಿಳಿತವಿಲ್ಲದೆ ಮೆಲ್ಲಗೆ ಮಾತಾಡತೊಡಗಿದಾಗ, ಚಿಕ್ಕಮ್ಮ "ಇವರಿಗೆ ನನ್ನ ಮೇಲೆ ಸಿಟ್ಟು" ಅಂದುಕೊಂಡಿದ್ದರಂತೆ.

ಪ ತುಟಿಯಿಂದ, ಟ ಮಡಚಿದ ನಾಲಿಗೆಯ ತುದಿಯಿಂದ, ಕ ನಾಲಿಗೆಯ ಹಿಂಭಾಗದಿಂದ. ಮೂರನ್ನೂ ಬೇಗ ಬೇಗ ಹೇಳಿದರೆ ಬಾಯಿ ಎಷ್ಟು ಸರಾಗವಾಗಿ ಆಡುತ್ತದೆ ಎಂದು ತಿಳಿಯುತ್ತದೆ. ಆ ದನಿ ಕೇಳಿ ಅಂಕ ಕೊಡುವ ಒಂದು ಎಐ ಮಾಡೆಲ್ ನಮ್ಮದು. ರೋಗ ಯಾವುದೆಂದು ಹೇಳುವುದು ಅದರ ಕೆಲಸವಲ್ಲ. ಡಾಕ್ಟರನ್ನು ಒಮ್ಮೆ ನೋಡಿ ಇನ್ನೊಮ್ಮೆ ನೋಡುವ ತನಕ ದನಿ ಹೇಗಿದೆ ಎಂದು ವಾರವಾರ ಅಳೆಯುವುದು, ಅಷ್ಟೇ.

ಮಾಡೆಲ್ ಇದ್ದದ್ದು ದೂರದ ಸರ್ವರ್‌ನಲ್ಲಿ, ದನಿ ಅಲ್ಲಿಗೆ ಹೋಗಬೇಕು. ಹತ್ತು ಸೆಕೆಂಡಿನ ರೆಕಾರ್ಡಿಂಗ್ ಬರೀ 320 ಕೆಬಿ. ಅದೂ ಹೋಗಲಿಲ್ಲ. ಮೂರನೇ ಸಲಕ್ಕೆ ಚಿಕ್ಕಪ್ಪ ದಣಿದಿದ್ದರು. ಅದೇ ಹೋಗಿದ್ದರೆ ರೋಗ ಜಾಸ್ತಿಯಾದಂತೆ ಕಾಣುತ್ತಿತ್ತು, ಅಲ್ವಾ? ಬೆಂಗಳೂರಿನಲ್ಲಿ ಕೂತು ಈ ಆ್ಯಪ್ ಕಟ್ಟಿದವರಲ್ಲಿ ನಾನೂ ಒಬ್ಬ. ತುಂಬಾ ಸಂಕಟವಾಯಿತು.

ಮಾಡೆಲ್ಲನ್ನೇ ಫೋನಿಗೆ ಹಾಕೋಣವೆಂದರೆ ಭಾರ. ನಾವು ಬಳಸಿದ್ದು 2020ರಲ್ಲಿ ಬಂದ ವೇವ್‌ಟುವೆಕ್ 2.0 ಎಂಬ, ಮಾತಿನ ದನಿಯಿಂದ ಕಲಿತ ಮಾಡೆಲ್. ಅದರ ಬೇಸ್ ಎಂಬ ಚಿಕ್ಕ ರೂಪದಲ್ಲೇ, ಕಲಿತದ್ದನ್ನು ಹಿಡಿದಿಡುವ ಸುಮಾರು 9.5 ಕೋಟಿ ಅಂಕಿಗಳು. ಒಂದೊಂದಕ್ಕೆ 4 ಬೈಟ್ ಅಂದರೆ 380 ಎಂಬಿ. ಚಿಕ್ಕಪ್ಪನ 2 ಜಿಬಿ ಫೋನಿನಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಹೋಯಿತು.

ಆ ರಾತ್ರಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆ. ದೊಡ್ಡ ಮಾಡೆಲ್‌ನಿಂದ ಚಿಕ್ಕದಕ್ಕೆ ಕಲಿಸುವ ಡಿಸ್ಟಿಲೇಶನ್‌ಗೆ ಒಂದು ರಾತ್ರಿ ಸಾಲದು. ಆದರೆ ಚಿಕ್ಕಪ್ಪ ಯಾವ ಪದ ಹೇಳುತ್ತಾರೆಂದು ನಮಗೆ ಗೊತ್ತೇ ಇದೆ, ಬೇಕಿರುವುದು ಹೇಗೆ ಹೇಳಿದರು ಎಂಬುದು. ಮಾಡೆಲ್‌ನೊಳಗೆ ದನಿ ಒಂದಾದ ಮೇಲೊಂದು ಪದರ ದಾಟಿ ಹೋಗುತ್ತದೆ. ನಮ್ಮ ಕೆಲಸಕ್ಕೆ ಕೆಳಗಿನ ಪದರಗಳು ಸಾಕು. 12 ಪದರಗಳಲ್ಲಿ ಮೇಲಿನ ಆರನ್ನು ತೆಗೆದೆ. ದನಿಗೆ ಅಂಕ ಕೊಡುವ ಕೊನೆಯ ಸಣ್ಣ ಭಾಗಕ್ಕೆ, ಜೊತೆಗಿದ್ದ ರೆಕಾರ್ಡಿಂಗ್‌ಗಳಿಂದ ಮತ್ತೆ ಕಲಿಸಿದೆ. ಆಮೇಲೆ ಅಂಕಿಗಳನ್ನು ಒಂದೊಂದು ಬೈಟಿಗೆ ಇಳಿಸಿದೆ. ಎಲ್ಲವನ್ನೂ ಇಳಿಸಿದಾಗ ಮೆಲುದನಿಯ ರೆಕಾರ್ಡಿಂಗ್‌ಗಳೇ ಎಡವಟ್ಟಾದವು. ಯಾರಿಗಾಗಿ ಮಾಡುತ್ತಿದ್ದೆನೋ ಅವರದೇ ದನಿ! ಅದಕ್ಕೆ ಶಬ್ದವನ್ನು ಮೊದಲು ಕೇಳಿಸಿಕೊಳ್ಳುವ ಭಾಗವನ್ನು ಮುಟ್ಟದೆ ಹಾಗೇ ಬಿಟ್ಟೆ. ಕೊನೆಗೆ 65 ಎಂಬಿ ಆಸುಪಾಸಿಗೆ ಬಂತು.

ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಒಂದು ಗಂಟೆಯಾದ ಮೇಲೆ, ನೆಟ್ ಪೂರ್ತಿ ಆಫ್ ಮಾಡಿ ಫೋನ್ ಮುಂದಿಟ್ಟೆ. ಚಿಕ್ಕಪ್ಪ ಒಂದೇ ಸಲ ಹೇಳಿದರು. ನಾಲ್ಕು ಸೆಕೆಂಡಿಗೆ ಅಂಕ ಬಂತು. ಇನ್ನು ಸಿಗ್ನಲ್ ಸಿಕ್ಕಾಗ ಹೋಗುವುದು ಆ ಅಂಕ ಮಾತ್ರ.

"ನನ್ನ ದನಿ ಎಲ್ಲಿಗೂ ಹೋಗಲಿಲ್ವಾ?" ಎಂದು ಕೇಳಿದರು.

"ಇಲ್ಲ, ಇಲ್ಲೇ ಇದೆ."

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಯಾರೂ ಕೇಳದೆಯೇ ಭೀಷ್ಮನ ಎರಡು ಮಾತು ಹೇಳಿದರು. ಒಳಗೆ ಕೇಳಿಸುವಷ್ಟು ದನಿ ಇರಲಿಲ್ಲ. ಚಿಕ್ಕಮ್ಮ ಒಲೆಯ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತರು.