ಉರುಳಬೇಕಾದ ಕೋಶ ತೇಲಿ ಹೋದಾಗ

"ಸೆಲೆಕ್ಟಿನ್ ಸಾಲ್ತಾ ಇಲ್ಲ ಸರ್, ಎರಡು ಪಟ್ಟು ಹಾಕೋಣ."

ಈ ವಾರ ಲ್ಯಾಬಿನಲ್ಲಿ ಕೇಳಿದ ಮಾತು, ಇನ್ನೂ ಕಿವಿಯಲ್ಲೇ ಇದೆ. ಸೆಲೆಕ್ಟಿನ್ ಅಂದರೆ ಹರಿದು ಬರುವ ಕೋಶವನ್ನು ಸಡಿಲವಾಗಿ ಹಿಡಿಯುವ ಪ್ರೋಟೀನು. ಹೇಳಿದ ಹುಡುಗಿಯ ಕೈ ಬಲು ಚೊಕ್ಕಟ. ಕೋಶಗಳನ್ನು ಬೇರ್ಪಡಿಸಲು ಅವಳು ಕೂರಿಸಿದ, ಸಣ್ಣ ನಾಳಗಳ ಚಿಪ್ ಸೋರುವುದಿಲ್ಲ. ಆದರೆ ಸೂಕ್ಷ್ಮದರ್ಶಕದಡಿ ಎಚ್‌ಎಲ್-60 ಎಂಬ ರಕ್ತ ಕ್ಯಾನ್ಸರ್ ತಳಿಯ ಕೋಶಗಳು ನಾಳದ ತಳಕ್ಕೆ ಬಳಿದ ಪಿ-ಸೆಲೆಕ್ಟಿನ್ ಪಟ್ಟೆಗಳ ಮೇಲೆ ಕ್ಷಣವೂ ತಡೆಯದೆ ತೇಲಿ ಹೋಗುತ್ತಿದ್ದವು.

ಅವು ಉರುಳಬೇಕಿತ್ತು. ಕೋಶದ ಮೈಮೇಲಿನ ಪಿಎಸ್‌ಜಿಎಲ್-1 ಎಂಬ ಪ್ರೋಟೀನು ಸೆಲೆಕ್ಟಿನ್ನನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಟ್ಟೆ ಹರಿವಿಗೆ ಓರೆಯಾಗಿರುವುದರಿಂದ ಕೋಶ ಅದರ ಅಂಚು ಹಿಡಿದು ಉರುಳುತ್ತಾ ಪಕ್ಕಕ್ಕೆ ಸರಿಯುತ್ತದೆ. ಉರುಳದ ಇನ್ನೊಂದು ತಳಿಯ ಕೋಶ, ಕೆ562, ನೇರ ಹೋಗುತ್ತದೆ. ಬಣ್ಣ ಹಚ್ಚದೆ ಎರಡೂ ಬೇರೆಯಾಗುತ್ತವೆ.

ಎರಡು ಪಟ್ಟು ಹಾಕಿದ್ದರೆ? ಏನೂ ಆಗುತ್ತಿರಲಿಲ್ಲ. ಕೋಶಗಳನ್ನು ತೊಳೆದದ್ದು ಕೋಶ ಎಣಿಸುವ ಯಂತ್ರವಾದ ಫ್ಲೋ ಸೈಟೋಮೀಟರಿಗೆಂದು ಮಾಡಿಟ್ಟ ಬಫರ್ ದ್ರಾವಣದಲ್ಲಿ; ಅದರಲ್ಲಿ 2 ಮಿಲಿಮೋಲಾರ್ ಇಡಿಟಿಎ ಎಂಬ ರಾಸಾಯನಿಕ. ಸೆಲೆಕ್ಟಿನ್ನಿನ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಇಡಿಟಿಎ ಅದನ್ನೇ ಕಸಿದುಕೊಳ್ಳುತ್ತದೆ. 1 ಮಿಲಿಮೋಲಾರಿನಷ್ಟು ಕ್ಯಾಲ್ಸಿಯಂ ಇರುವ ಬಫರಿನಲ್ಲಿ ಮತ್ತೆ ತೊಳೆದು ಬಿಟ್ಟಾಗ ಉರುಳಿದವು. ಫಾಸ್ಫೇಟ್ ಬಫರಿಗೆ ಕ್ಯಾಲ್ಸಿಯಂ ಅತಿಯಾದರೆ ಬಿಳಿ ಕಣ ಕಟ್ಟಿ ಸಣ್ಣ ನಾಳ ಮುಚ್ಚಿಹೋಗುತ್ತದೆ, ಅಷ್ಟು ನೆನಪಿರಲಿ.

ಎರಡು ಪಟ್ಟು ಹಾಕೋಣ ಅನ್ನುವ ಆತುರ ಈ ಕ್ಷೇತ್ರದಲ್ಲಿ ಎಲ್ಲ ಕಡೆ ಇದೆ, ಅದು ನನಗೆ ನಿಜಕ್ಕೂ ಬೇಸರ. ಕ್ಯಾಲ್ಸಿಯಂ ಸರಿಯಿದ್ದು ಸೆಲೆಕ್ಟಿನ್ ದಟ್ಟವಾದರೆ ಉರುಳುವ ವೇಗ ಕುಸಿಯುತ್ತದೆ, ಹಿಂದೆ ಬರುವ ಕೋಶಗಳು ಅಲ್ಲೇ ಗುಂಪುಗಟ್ಟುತ್ತವೆ. ಪ್ರತಿಕಾಯ ಬಳಿದ ಚಿಪ್ಪಿನಲ್ಲಿ ಗಟ್ಟಿ ಹಿಡಿತವೇ ಬೇಕಾದ ಗುಣ, ಆದರೆ ಆಮೇಲೆ ಕೋಶವನ್ನು ಜೀವಂತ ಬಿಡಿಸಿಕೊಳ್ಳುವುದೇ ದೊಡ್ಡ ಪಾಡು. ಇಲ್ಲಿ ಹಿಡಿತ ಸಡಿಲವಾಗಿರುವುದರಿಂದಲೇ ಕೆಲಸ ನಡೆಯುವುದು.

ಪ್ರೋಟೀನಿಗೆ ಕೈ ಹಾಕುವ ಮೊದಲು ಹರಿವನ್ನೂ ನೋಡಬೇಕು. 1 ಮಿಲಿಮೀಟರ್ ಅಗಲ, 100 ಮೈಕ್ರೊಮೀಟರ್ ಎತ್ತರದ ನಾಳದಲ್ಲಿ ನಿಮಿಷಕ್ಕೆ 10 ಮೈಕ್ರೊಲೀಟರ್ ಬಿಟ್ಟರೆ ಗೋಡೆಯ ಮೇಲಿನ ಎಳೆತ ಸುಮಾರು 0.1 ಪ್ಯಾಸ್ಕಲ್, ಲೆಕ್ಕ ಹಾಕುವಾಗ ಸೆಕೆಂಡು-ನಿಮಿಷ ಬೆರೆಸಬಾರದು. ಎತ್ತರ 90ಕ್ಕೆ ಇಳಿದರೆ ಎಳೆತ ಶೇ 23ರಷ್ಟು ಏರುತ್ತದೆ, ಹಾಗಾಗಿ ಅಚ್ಚಿನ ಎತ್ತರ ಅಳೆದೇ ಪಂಪ್ ಹೊಂದಿಸಬೇಕು. ಹರಿವು ತೀರಾ ನಿಧಾನವಾದರೂ ಉರುಳುವುದಿಲ್ಲ. ಈ ಬಂಧ ಉಳಿಯಲು ಒಂದಿಷ್ಟು ಎಳೆತ ಬೇಕು. ಖಾಲಿ ಜಾಗ ಮುಚ್ಚುವ ಪ್ರೋಟೀನಾದ ಬಿಎಸ್‌ಎಯನ್ನು ಶೇ 1ರಷ್ಟು ಹಾಕಿ ಒಂದು ಗಂಟೆ ಬಿಡದಿದ್ದರೆ ಕೆ562 ಕೂಡ ಗಾಜಿಗೆ ಅಂಟುತ್ತದೆ. ಒಂದು ಗುಳ್ಳೆ ಹಾದರೂ ಲೇಪ ಕಿತ್ತುಬರಬಹುದು.

ಇಡಿಟಿಎ ಬಾಟಲಿಯನ್ನು ಎಸೆಯಬೇಕಿಲ್ಲ. ಓಟ ಮುಗಿದ ಮೇಲೆ ಪಟ್ಟೆಯ ಮೇಲೆ ಉಳಿದ ಕೋಶಗಳನ್ನು ಬಿಡಿಸಲು ಅದನ್ನೇ ಹರಿಸಿದರಾಯಿತು.