ಲವ್‌ಲೆಸ್ ಪೆಟ್ಟಿಗೆಗಳು: ಅಸ್ಥಿಪಂಜರ ಮುಗೀತು, ಕೆನಡಾ ಮಾತ್ರ ನಿಂತೋಗಿದೆ

ಶೂ ಡಬ್ಬದೊಳಗೆ ಮಾಡ್ತಿರೋ ಪುಟ್ಟ ಮಾಡೆಲ್‌ಗಳ ಬಗ್ಗೆ ಒಂದು ತಿಂಗಳಿಂದ ಅಪ್‌ಡೇಟ್ ಹಾಕಿರ್ಲಿಲ್ಲ, ಬೈಕೋಬೇಡಿ. ಬೇಸ್‌ಮೆಂಟ್‌ನಲ್ಲಿ ಚಳಿ ಜಾಸ್ತಿ, ಗಮ್ ಒಣಗ್ತಿರ್ಲಿಲ್ಲ, ಜೊತೆಗೆ ಆಫೀಸಿನ ಗಲಾಟೆ. ಈಗ ಸ್ವಲ್ಪ ಕೆಲ್ಸ ಮುಂದಕ್ಕೆ ಹೋಗಿದೆ.

ಹೊಸಬರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ನಾವಿರೋದು ಲಂಡನ್‌ನಲ್ಲಿ, ಇಂಗ್ಲೆಂಡ್‌ದಲ್ಲ, ಕೆನಡಾದ ಒಂಟಾರಿಯೊದ್ದು (ಇಲ್ಲೂ ಥೇಮ್ಸ್ ಅಂತ ಒಂದು ನದಿ ಇದೆ, ಊರಲ್ಲಿ ಹೇಳಿದ್ರೆ ಯಾರೂ ನಂಬಲ್ಲ). ಫ್ಯಾನ್‌ಶಾ ಪಾರ್ಕ್ ರೋಡಲ್ಲಿ ದಿನಾ ಹೋಗ್ತಾ ಬರ್ತಾ ಸಿಲೋಮ್ ಅನ್ನೋ ಸ್ಮಶಾನದ ಬೋರ್ಡ್ ನೋಡ್ತಿದ್ದೆ ಅಷ್ಟೆ, ಎರಡು ವರ್ಷ ಆದ್ಮೇಲೆ ಗೊತ್ತಾಯ್ತು ಅಲ್ಲಿ ಮಲಗಿರೋದು ಜಾರ್ಜ್ ಲವ್‌ಲೆಸ್ ಅಂತ. ಇಂಗ್ಲೆಂಡಿನ ಟಾಲ್‌ಪಡಲ್ ಹಳ್ಳೀಲಿ ಕೂಲಿಯವ್ರ ಸಂಘ ಕಟ್ಟಿ 1834ರಲ್ಲಿ ಗಡೀಪಾರಾದ ಆರು ಜನರಲ್ಲಿ ಮೊದಲನೆಯವ್ನು. ಕೂಲಿ ರೈತ, ಮೆಥಡಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಲೇ ಪ್ರೀಚರ್, ಅಂದ್ರೆ ದೀಕ್ಷೆ ತಗೊಂಡ ಪಾದ್ರಿ ಅಲ್ಲ, ವಾರ ಪೂರ್ತಿ ಬೇರೆಯವ್ರ ಹೊಲ ಉತ್ತು ಭಾನುವಾರ ಹಳ್ಳಿಹಳ್ಳಿಗೆ ನಡ್ಕೊಂಡು ಹೋಗಿ ಬೋಧನೆ ಮಾಡೋನು. ಸರಿ, ಅವನ ಜೀವನದ ಮೂರು ಜಾಗನ ಮೂರು ಶೂ ಡಬ್ಬದೊಳಗೆ 1:24 ಸ್ಕೇಲಲ್ಲಿ, ಅಂದ್ರೆ ನಿಜದ ಅಳತೆಯ 24ರಲ್ಲಿ ಒಂದು ಭಾಗಕ್ಕೆ, ಮಾಡೋಣ ಅಂತ ಹೊರಟೆ. ಹೋದ ವರ್ಷ ಅಜ್ಜಿ ಮನೆ ಅಡುಗೆಮನೆ ಮಾಡಿದ್ನಲ್ಲ, ಅದೇ ಅಳತೆ.

ಮೊದಲನೇ ಡಬ್ಬ: ಡಾರ್ಸೆಟ್‌ನ ಟಾಲ್‌ಪಡಲ್, ಜಾರ್ಜ್‌ನ ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್ ಮನೆಯ ಮಹಡಿ ಕೋಣೆ, 1833 ಡಿಸೆಂಬರ್ 9. ಆ ಸೀಮೆಯಲ್ಲಿ ಕಾಬ್ ಅಂತ ಗೋಡೆ ಕಟ್ತಾರೆ, ಮಣ್ಣಿಗೆ ಹುಲ್ಲು ಹಾಕಿ ತುಳಿದು ಏರಿಸೋದು, ನಮ್ಮ ಹಳ್ಳಿ ಮನೆ ಗೋಡೆ ನೋಡಿದವ್ರಿಗೆ ಏನೂ ಹೊಸದಲ್ಲ. ಫೋಮ್ ಬೋರ್ಡ್ ಮೇಲೆ ಟಿಶ್ಯೂ ಪೇಪರ್ ಅಂಟಿಸಿ ಅದ್ರ ಮೇಲೆ ಕಾಫಿ ಗಸಿ ಸವರಿದೆ, ಚೆನ್ನಾಗಿ ಬಂತು, ವಾಸನೆನೂ ಚೆನ್ನಾಗಿದೆ. ಹುಲ್ಲಿನ ಸೂರಿಗೆ ಬಾಗಿಲ ಹತ್ರ ಹಾಕಿದ್ದ ತೆಂಗಿನ ನಾರಿನ ಕಾಲೊರೆಸೋ ಮ್ಯಾಟ್ ಬಿಚ್ಚಿದೆ. ಮನೇಲಿ ಬೈಸ್ಕೊಂಡಿದ್ದು ಬೇರೆ ಕಥೆ.

ಈ ಕೋಣೇಲಿ ನಡೆದಿದ್ದು ಏನಂದ್ರೆ, ಕೂಲಿಯವ್ರೆಲ್ಲ ಸೇರಿ ಒಂದು ಸಂಘ ಕಟ್ಟಿದ್ರು. ಸೇರೋಕೆ ಒಂದು ಶಿಲ್ಲಿಂಗ್, ಆಮೇಲೆ ವಾರಕ್ಕೊಂದು ಪೆನ್ನಿ. ಯಾಕಂದ್ರೆ ಜಮೀನ್ದಾರರು ವಾರದ ಕೂಲಿನ 9 ಶಿಲ್ಲಿಂಗ್‌ನಿಂದ 8ಕ್ಕೆ, 8ರಿಂದ 7ಕ್ಕೆ ಇಳಿಸಿ, ಇನ್ಮೇಲೆ 6 ಅಂತ ಹೇಳ್ಬಿಟ್ರು. ಅದಕ್ಕೂ ಮುಂಚೆ ಬೇರೆ ಕಡೆ ಕೊಟ್ಟಷ್ಟೇ ನಿಮಗೂ ಕೊಡ್ತೀವಿ ಅಂತ ಊರಿನ ಪಾದ್ರಿ ಮುಂದೆನೇ ಮಾತು ಕೊಟ್ಟಿದ್ರು, ಆಮೇಲೆ ಆ ಪಾದ್ರಿ ನಾನೇನೂ ಕೇಳಿಸ್ಕೊಂಡಿಲ್ಲಪ್ಪ ಅಂದ್ಬಿಟ್ಟ. ಹೊಸದಾಗಿ ಸೇರೋರ ಕಣ್ಣಿಗೆ ಬಟ್ಟೆ ಕಟ್ಟಿ ಮಹಡಿಗೆ ಕರ್ಕೊಂಡು ಹೋಗಿ, ಮಂಡಿಯೂರಿಸಿ ಏನೋ ಓದಿ, ಪುಸ್ತಕಕ್ಕೆ ಮುತ್ತಿಡಿಸಿ ಪ್ರಮಾಣ ಮಾಡಿಸ್ತಿದ್ರು, ಬಟ್ಟೆ ಬಿಚ್ಚಿದ್ರೆ ಎದುರಿಗೆ ಆರಡಿ ಎತ್ತರದ ಅಸ್ಥಿಪಂಜರದ ಚಿತ್ರ! ಒಬ್ಬ ಬಿಳಿ ನಿಲುವಂಗಿ ಬೇರೆ ಹಾಕಿದ್ದ ಅಂತ ಕೋರ್ಟಲ್ಲಿ ಸಾಕ್ಷಿ ಹೇಳಿದಾರೆ.

ಆರಡಿ ಅಂದ್ರೆ ನನ್ನ ಸ್ಕೇಲಲ್ಲಿ ಸರಿಯಾಗಿ ಮೂರಿಂಚು. ಹ್ಯಾಲೋವೀನ್‌ದು ಉಳಿದಿದ್ದ ಸ್ಟಿಕ್ಕರ್ ಸೈಜಿಗೆ ಸರಿ ಇತ್ತು, ಅಂಟಿಸಿದೆ, ಎರಡು ದಿನ ನೋಡ್ದೆ, ಕಿತ್ತು ಹಾಕ್ದೆ. ಅದು ಹಲ್ಲು ಕಿರೀತಿತ್ತು ಗುರು. ಇವ್ರು ಊರಲ್ಲೇ ಬಣ್ಣ ಹಚ್ಚೋ ಪೇಂಟರ್ ಹತ್ರ ಬರೆಸೋಕೆ ಕೇಳಿದ್ದ ಚಿತ್ರ, ಅದ್ರಲ್ಲಿ ತಮಾಷೆ ಎಲ್ಲಿಂದ ಬರ್ಬೇಕು? ಆಮೇಲೆ ಸೊನ್ನೆ ನಂಬರ್ ಬ್ರಷ್ ತಗೊಂಡು ಕಪ್ಪು ಬಟ್ಟೆ ಚೂರಿನ ಮೇಲೆ ನಾನೇ ಬರೆದೆ. ಪಕ್ಕೆಲುಬು ಒಂದು ಕಡೆ 9, ಇನ್ನೊಂದು ಕಡೆ 11 ಆಗಿದೆ, ಮಗಳು ಎಣಿಸಿ ಹೇಳಿದ್ಳು. ಹಾಗೇ ಬಿಟ್ಟಿದೀನಿ.

ಅದೇ ಕೋಣೆ ಗೋಡೆಗೆ ಇನ್ನೊಂದು ಚಿಕ್ಕ ಕಾಗದ ಅಂಟಿಸಿದೀನಿ, ಜೂಮ್ ಮಾಡಿದ್ರೆ ಕಾಣುತ್ತೆ. ಮೆಥಡಿಸ್ಟರಲ್ಲಿ ಪ್ಲಾನ್ ಅಂತ ಒಂದಿರುತ್ತೆ, ಮೂರು ತಿಂಗಳಿಗೊಂದು ಪಟ್ಟಿ, ಯಾವ ಭಾನುವಾರ ಯಾವ ಹಳ್ಳಿ, ಎಷ್ಟು ಗಂಟೆಗೆ, ಯಾವ ಬೋಧಕ ಅಂತ. ಅದು ಸ್ಟ್ಯಾಂಡ್‌ಫೀಲ್ಡ್ ಮನೇಲಿ ಇತ್ತೋ ಇಲ್ವೋ, ಇಟ್ಟಿದ್ದು ನಾನು. ಆದ್ರೆ ನನಗನ್ಸೋದು ಈ ಮನುಷ್ಯ ಸಂಘ ಕಟ್ಟೋದು ಕಲ್ತಿದ್ದೇ ಅಲ್ಲಿ. ಜನ ಸೇರಿಸೋದು, ಎದ್ದು ನಿಂತು ಮಾತಾಡೋದು, ವಾರಕ್ಕೊಂದು ಪೆನ್ನಿ ಎತ್ತಿ ಲೆಕ್ಕ ಇಡೋದು, ಎಲ್ಲ ಚಾಪೆಲ್ ಅಭ್ಯಾಸಾನೇ.

ಸಂಘ ಕಟ್ಟೋದು ಆಗ ಕಾನೂನುಬಾಹಿರ ಅಲ್ಲ, 1824ರಲ್ಲೇ ಆ ನಿಷೇಧ ತೆಗೆದಿದ್ರು. ಅದಕ್ಕೆ ಫ್ರಾಂಪ್ಟನ್ ಅನ್ನೋ ಜಮೀನ್ದಾರ ಕಮ್ ಮ್ಯಾಜಿಸ್ಟ್ರೇಟು ಗೃಹಮಂತ್ರಿ ಮೆಲ್ಬರ್ನ್‌ಗೆ ಕಾಗದ ಬರೆದು, ನೌಕಾಪಡೆ ದಂಗೆ ಆದಾಗ 1797ರಲ್ಲಿ ಮಾಡಿದ್ದ ಅಕ್ರಮ ಪ್ರಮಾಣದ ಕಾಯ್ದೆನ ಇವ್ರ ಮೇಲೆ ಹಾಕಿಸ್ದ. ಜಾರ್ಜ್ ಹುಟ್ಟಿದ್ದೂ 1797ರಲ್ಲೇ, ತನ್ನ ವಯಸ್ಸಿನ ಕಾನೂನಿಗೇ ಸಿಕ್ಕಾಕೊಂಡ. 1834 ಫೆಬ್ರವರಿ 24ರ ಬೆಳಗ್ಗೆ ಮನೆಯಿಂದ ಕರ್ಕೊಂಡು ಹೋದ್ರು, ಡಾರ್ಚೆಸ್ಟರ್‌ವರೆಗೂ ನಡೆಸ್ಕೊಂಡೇ. ಮಾರ್ಚ್‌ನಲ್ಲಿ ಏಳು ವರ್ಷ ಗಡೀಪಾರು. ನಾವು ಯಾರ ಮಾನ, ಆಸ್ತಿ, ಮೈಗೂ ತೊಂದ್ರೆ ಮಾಡಿಲ್ಲ, ಹೆಂಡ್ತಿ ಮಕ್ಳು ಹೊಟ್ಟೆಗಿಲ್ಲದೆ ಸಾಯ್ಬಾರ್ದು ಅಂತ ಒಂದಾದ್ವಿ ಅನ್ನೋ ಅರ್ಥದಲ್ಲಿ ಜಡ್ಜಿಗೆ ಹೇಳಿದ್ದ. ಕೋರ್ಟ್ ಸೀನ್ ಮಾಡಿ ಅಂತ ಇಬ್ಬರು ಕೇಳಿದ್ರಿ. ಇಲ್ಲ. ಆ ಸೀನ್ ಎಲ್ಲ ಕಡೆ ಇದೆ.

ಎರಡನೇ ಡಬ್ಬ ಬೇಗ ಮುಗೀತು. ಉಳಿದ ಐದು ಜನ ನ್ಯೂ ಸೌತ್ ವೇಲ್ಸ್‌ಗೆ, ಜಾರ್ಜ್‌ಗೆ ಕಾಯಿಲೆ ಆಗಿದ್ರಿಂದ ಹಿಂದೆ ಉಳಿದು ಬೇರೆ ಹಡಗಲ್ಲಿ ಈಗಿನ ಟಾಸ್ಮೇನಿಯಾಗೆ. ಹೋಬಾರ್ಟ್ ಹತ್ರ ಸರ್ಕಾರಿ ಫಾರ್ಮಲ್ಲಿ ಕುರಿ ದನ ಕಾಯೋ ಕೆಲಸ. ಹತ್ತಿ ಉಂಡೆ, ಬೆಂಕಿಕಡ್ಡಿ ಕಾಲು, 14 ಕುರಿ. ಎರಡು ಬಿದ್ದೋಗಿವೆ, ಮಲಗಿವೆ ಅಂದ್ಕೊಳಿ. ಇಂಗ್ಲೆಂಡಲ್ಲಿ ಅಷ್ಟೊತ್ತಿಗೆ ದೊಡ್ಡ ಮೆರವಣಿಗೆ, ಎರಡು ಲಕ್ಷಕ್ಕೂ ಮೇಲೆ ಸಹಿ ಇರೋ ಅರ್ಜಿ, 1836ರಲ್ಲಿ ಕ್ಷಮಾದಾನ. ಇವ್ನು ತಕ್ಷಣ ಹಡಗು ಹತ್ತಲಿಲ್ಲ, ಯಾಕಂದ್ರೆ ಹೆಂಡ್ತಿಗೆ ಇಲ್ಲಿಗೇ ಬಾ ಅಂತ ಕಾಗದ ಹಾಕಿದ್ದ, ಇವ್ನು ಆಕಡೆ ಹೊರಟು ಅವಳು ಈಕಡೆ ಹೊರಟ್ರೆ ಏನು ಗತಿ? ಸಮುದ್ರದ ಮೇಲೆ ಕಾಗದ ಹೋಗಿ ಬರೋಕೆ ತಿಂಗಳುಗಟ್ಲೆ. 1837ರ ಜೂನ್‌ಗೆ ಊರು ಸೇರ್ದ.

ಆಮೇಲೆ ಚಂದಾ ಎತ್ತಿದ ದುಡ್ಡಲ್ಲಿ ಎಸೆಕ್ಸ್‌ನ ಗ್ರೀನ್‌ಸ್ಟೆಡ್‌ನಲ್ಲಿ ಇವ್ರಿಗೆ ಗುತ್ತಿಗೆ ಜಮೀನು ಕೊಡಿಸಿದ್ರು. ಅಲ್ಲೂ ಸುಮ್ನಿರದೆ ಚಾರ್ಟಿಸ್ಟ್ ಸಂಘ, ಅಂದ್ರೆ ಕೆಲಸಗಾರರಿಗೂ ಓಟು ಬೇಕು ಅನ್ನೋರ ಸಂಘ, ಕಟ್ಟಿದ್ರು, ಊರ ಪಾದ್ರಿಗೆ ಮತ್ತೆ ಹೊಟ್ಟೆನೋವು. 1844ರಿಂದ ಮುಂದೆ ಒಬ್ಬೊಬ್ಬರಾಗಿ ಕೆನಡಾಗೆ ಬಂದ್ರು, ಆರರಲ್ಲಿ ಐದು ಜನ. ಜೇಮ್ಸ್ ಹ್ಯಾಮೆಟ್ ಒಬ್ಬನೇ ಟಾಲ್‌ಪಡಲ್‌ಗೆ ವಾಪಸ್ ಹೋಗಿ 1891ರಲ್ಲಿ ವರ್ಕ್‌ಹೌಸ್‌ನಲ್ಲಿ, ಅಂದ್ರೆ ಗತಿಯಿಲ್ಲದವ್ರ ಮನೇಲಿ, ತೀರ್ಕೊಂಡ.

ಈಗ ಮೂರನೇ ಡಬ್ಬ. ಇಲ್ಲೇ ನಾನು ಸಿಕ್ಕಾಕೊಂಡಿರೋದು. ಇಲ್ಲಿಗೆ ಬಂದ್ಮೇಲೆ ಹಳೇ ಕಥೆ ಯಾರಿಗೂ ಹೇಳ್ಬಾರ್ದು ಅಂತ ಅವ್ರವ್ರೇ ಮಾತಾಡ್ಕೊಂಡಿದ್ರಂತೆ, ಮಕ್ಕಳಿಗೂ ಹೇಳ್ಲಿಲ್ಲ ಅಂತಾರೆ. ಸುಮಾರು ಮೂವತ್ತು ವರ್ಷ ಹೊಲ, ಚರ್ಚು, ಹೊಲ, ಚರ್ಚು. ಸಿಲೋಮ್ ಚರ್ಚ್ ಕಟ್ಟೋದ್ರಲ್ಲಿ ಜಾರ್ಜ್‌ದೂ ಕೈ ಇತ್ತು ಅಂತ ಇಲ್ಲಿಯವ್ರು ಹೇಳ್ತಾರೆ, ತಮ್ಮ ಜೇಮ್ಸ್ ಊರೊಳಗಿನ ಮೆಥಡಿಸ್ಟ್ ಚರ್ಚಲ್ಲಿ ಸೆಕ್ಸ್‌ಟನ್ ಆಗಿದ್ದ, ಅಂದ್ರೆ ಗಂಟೆ ಹೊಡೆಯೋದು ಗುಡಿಸೋದು ಎಲ್ಲ. 1874ರಲ್ಲಿ ಜಾರ್ಜ್ ಹೋದ. ಅಸ್ಥಿಪಂಜರ ಇಲ್ಲ, ಹಡಗಿಲ್ಲ, ಕುರಿನೂ ಇಲ್ಲ. ಡಬ್ಬದಲ್ಲಿ ಏನಿಡ್ಲಿ?

ಹೋದ ಶನಿವಾರ ಸ್ಮಶಾನಕ್ಕೆ ಹೋಗಿದ್ದೆ, ಮಂಡಿವರೆಗೂ ಹಿಮ, ಗ್ಲೌಸಲ್ಲಿ ಒರೆಸಿ ಒರೆಸಿ ನಾಲ್ಕನೇದೋ ಐದನೇದೋ ಕಲ್ಲಿಗೆ ಹೆಸರು ಸಿಕ್ತು. ಫೋಟೋ ತೆಗೆಯೋಷ್ಟ್ರಲ್ಲಿ ಫೋನ್ ಚಳಿಗೆ ಆಫ್. ಕಲ್ಲನ್ನೇ ಡಬ್ಬದಲ್ಲಿ ಇಡೋಣ ಅಂತ ಹೋಗಿದ್ದು, ವಾಪಸ್ ಬರ್ತಾ ಬೇಡ ಅನ್ನಿಸ್ತು.

ಹಾಗಾಗಿ ಸದ್ಯದ ಪ್ಲಾನ್ ಇದು: ಮುಕ್ಕಾಲು ಡಬ್ಬ ಗೋಧಿ ಹೊಲ, ಮೂಲೇಲಿ ಬಾಗಿಲು ಅರ್ಧ ತೆರೆದ ಮನೆ, ಒಳಗೆ ಗೋಡೇಲಿ ಮತ್ತದೇ ಭಾನುವಾರದ ಪಟ್ಟಿ. ಮಗಳು ಆ ಬಾಗಿಲ ಮುಂದೆ ಎರಡು ಮಕ್ಕಳನ್ನ ಇಡ್ಬೇಕು ಅಂತ ಹಠ ಮಾಡ್ತಿದಾಳೆ, ಇಡ್ತೀನಿ. ಗೋಧಿ ಪೈರಿಗೆ ಹಳೇ ಟೂತ್‌ಬ್ರಷ್ ಎಳೆ ಕತ್ತರಿಸಿ ಒಂದೊಂದೇ ಸಾಲು ನೆಡ್ತಿದೀನಿ, ಅರ್ಧ ಹೊಲಕ್ಕೆ ಆರು ಬ್ರಷ್ ಹೋಯ್ತು, ಮೊದಲ ಎರಡು ಸಾಲು ಚಳಿಗೆ ಗಮ್ ಹಿಡೀದೆ ಎದ್ದು ಬಂದಿದೆ. ಹೀಟರ್ ಇಟ್ಕೊಂಡು ಮತ್ತೆ ನೆಡ್ಬೇಕು. ಹಳೇ ಬ್ರಷ್ ಇದ್ರೆ ಎಸೀಬೇಡಿ, ಹಳದಿ ಎಳೆ ಇರೋದಾದ್ರೆ ಇನ್ನೂ ಒಳ್ಳೇದು.